ಸರ್ವೋ ಬೇಕೋ, ವಿಎಫ್‌ಡಿ ಸಾಕೋ?

ಯಂತ್ರಗಳನ್ನು ಕಟ್ಟುವವರಿಂದಲೂ ಅವನ್ನು ದಿನವೂ ನಡೆಸುವವರಿಂದಲೂ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗೊಂದಲದ ಸುತ್ತ ಇದ್ದವು. ಮೋಟಾರಿಗೆ ಸರ್ವೋ ಡ್ರೈವ್ ಹಾಕಬೇಕೇ, ಅಥವಾ ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್, ಅಂದರೆ ವಿಎಫ್‌ಡಿ ಸಾಕೇ ಎಂಬುದೇ ಆ ಗೊಂದಲ. ಡ್ರೈವ್ ಎಂದರೆ ಮೋಟಾರಿಗೆ ಹೋಗುವ ವಿದ್ಯುತ್ತನ್ನು ಹದಗೊಳಿಸಿ ಅದರ ಓಟವನ್ನು ನಿಯಂತ್ರಿಸುವ ಪೆಟ್ಟಿಗೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದೆ. ಒಂದೇ ವಿಷಯದ ಪತ್ರಗಳನ್ನು ಸೇರಿಸಿ ಒಂದೊಂದು ಪ್ರಶ್ನೆಯಾಗಿ ಕೊಟ್ಟಿದ್ದೇನೆ.

ಪ್ರಶ್ನೆ: ನಾವು ಚೀಲ ತುಂಬುವ ಪ್ಯಾಕಿಂಗ್ ಯಂತ್ರವೊಂದನ್ನು ಕಟ್ಟುತ್ತಿದ್ದೇವೆ. ಪ್ಲಾಸ್ಟಿಕ್ ಫಿಲ್ಮ್ ಎಳೆಯುವ ರೋಲರಿಗೆ ಸರ್ವೋ ಹಾಕಲೇಬೇಕೆಂದು ಒಬ್ಬರು, ವಿಎಫ್‌ಡಿ ಧಾರಾಳವಾಗಿ ಸಾಕೆಂದು ಇನ್ನೊಬ್ಬರು ಹೇಳುತ್ತಾರೆ. ಎರಡೂ ಮೋಟಾರಿನ ವೇಗವನ್ನು ಬದಲಿಸುತ್ತವೆ ತಾನೇ? ನಿಜವಾದ ವ್ಯತ್ಯಾಸ ಎಲ್ಲಿದೆ?

ಉತ್ತರ: ಎರಡರ ಮುಚ್ಚಳ ತೆಗೆದು ಒಳಗಿನ ಶಕ್ತಿ ವಿಭಾಗವನ್ನು ನೋಡಿದರೆ ಅವು ಒಡಹುಟ್ಟಿದವರಂತೆ ಕಾಣುತ್ತವೆ. ಬರುವ ಮೂರು ಫೇಸ್ ವಿದ್ಯುತ್ತನ್ನು ಎರಡೂ ಮೊದಲು ಡಿಸಿಗೆ ಪರಿವರ್ತಿಸಿ, ಕೆಪಾಸಿಟರುಗಳಲ್ಲಿ ಹಿಡಿದಿಟ್ಟು, ನಂತರ ಐಜಿಬಿಟಿ ಎಂಬ ಅರೆವಾಹಕ ಸ್ವಿಚ್ಚುಗಳಿಂದ ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಮೋಟಾರಿಗೆ ಬೇಕಾದ ವೋಲ್ಟೇಜ್ ಮತ್ತು ಆವರ್ತನವನ್ನು ರೂಪಿಸುತ್ತವೆ. 400 ವೋಲ್ಟ್ ಕೊಟ್ಟರೆ ಎರಡರ ಒಳಗೂ ಡಿಸಿ ವೋಲ್ಟೇಜ್ ಸುಮಾರು 540ರಿಂದ 565 ವೋಲ್ಟಿನಷ್ಟೇ ಇರುತ್ತದೆ. ವ್ಯತ್ಯಾಸವಿರುವುದು ಶಕ್ತಿ ವಿಭಾಗದಲ್ಲಲ್ಲ, ಮೋಟಾರಿನ ಶಾಫ್ಟ್ ಈ ಕ್ಷಣದಲ್ಲಿ ಎಲ್ಲಿದೆ ಎಂಬ ಸಂಗತಿ ಡ್ರೈವಿಗೆ ಎಷ್ಟು ತಿಳಿದಿದೆ ಎನ್ನುವುದರಲ್ಲಿ.

ಸಾಮಾನ್ಯ ವಿಎಫ್‌ಡಿ ಇಂಡಕ್ಷನ್ ಮೋಟಾರಿಗೆ ಒಂದು ಆವರ್ತನವನ್ನು ಕಳುಹಿಸುತ್ತದೆ, ಮೋಟಾರು ಅದನ್ನು ಹಿಂಬಾಲಿಸುತ್ತದೆ ಎಂದು ನಂಬಿಕೊಳ್ಳುತ್ತದೆ. ನಾಲ್ಕು ಪೋಲ್‌ಗಳ ಮೋಟಾರಿಗೆ 50 ಹರ್ಟ್ಸ್ ಕೊಟ್ಟಾಗ ಅದರೊಳಗಿನ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗಿದರೂ, ಪೂರ್ಣ ಹೊರೆ ಬಿದ್ದಾಗ ಶಾಫ್ಟ್ ತಿರುಗುವುದು ಸುಮಾರು 1440 ಸುತ್ತು ಮಾತ್ರ. ಸ್ಲಿಪ್ ಎಂದು ಕರೆಯುವ ಈ ಹಿನ್ನಡೆ ಮೋಟಾರಿನ ದೋಷವಲ್ಲ. ಅದಿಲ್ಲದಿದ್ದರೆ ಮೋಟಾರಿನ ತಿರುಗುವ ಭಾಗವಾದ ರೋಟರಿನಲ್ಲಿ ವಿದ್ಯುತ್ ಪ್ರೇರಣೆಯಾಗುವುದಿಲ್ಲ, ಟಾರ್ಕ್, ಅಂದರೆ ತಿರುಗಿಸುವ ಬಲ, ಹುಟ್ಟುವುದಿಲ್ಲ. ಆದರೆ ಹೊರೆ ಹೆಚ್ಚು ಕಡಿಮೆಯಾದಂತೆ, ಮೋಟಾರು ಬಿಸಿಯಾದಂತೆ ಈ ಹಿನ್ನಡೆಯೂ ಬದಲಾಗುತ್ತದೆ, ಸಾಮಾನ್ಯ ವಿಎಫ್‌ಡಿಗೆ ಅದು ಗೊತ್ತಾಗುವುದಿಲ್ಲ.

ಸರ್ವೋ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ರೋಟರಿನಲ್ಲಿ ಶಾಶ್ವತ ಕಾಂತಗಳಿರುತ್ತವೆ, ಆದ್ದರಿಂದ ಸ್ಲಿಪ್ ಇಲ್ಲ. ಶಾಫ್ಟಿನ ಹಿಂದೆ ಕುಳಿತ ಎನ್‌ಕೋಡರ್ ಅದರ ಕೋನವನ್ನು ಎಡೆಬಿಡದೆ ತಿಳಿಸುತ್ತಿರುತ್ತದೆ. ಡ್ರೈವಿನೊಳಗೆ ಒಂದರೊಳಗೊಂದು ಮೂರು ನಿಯಂತ್ರಣ ಸುತ್ತುಗಳು ನಡೆಯುತ್ತವೆ. ತೀರಾ ಒಳಗಿನದು ವಿದ್ಯುತ್ ಪ್ರವಾಹವನ್ನು, ಅಂದರೆ ಟಾರ್ಕನ್ನು ನೋಡಿಕೊಳ್ಳುತ್ತದೆ, ಅದರ ಹೊರಗಿನದು ವೇಗವನ್ನು, ಎಲ್ಲಕ್ಕಿಂತ ಹೊರಗಿನದು ಸ್ಥಾನವನ್ನು. ಸರ್ವೋ ಎಂಬ ಪದದ ಬೇರು ಲ್ಯಾಟಿನ್ನಿನಲ್ಲಿ ಸೇವಕ ಎಂಬ ಅರ್ಥದ ಮಾತು. ಹೇಳಿದ ಕೆಲಸ ಮಾಡಿ, ಎಷ್ಟಾಯಿತೆಂದು ಒಡೆಯನಿಗೆ ಒಪ್ಪಿಸಿ, ಉಳಿದದ್ದನ್ನು ಪೂರೈಸುವ ಸೇವಕನೆಂದರೆ ಈ ಯಂತ್ರಕ್ಕೆ ಆ ಹೆಸರು ಸರಿಯಾಗಿಯೇ ಒಪ್ಪುತ್ತದೆ.

ಹೀಗಿರುವಾಗ ನೀವು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಡ್ರೈವಿನ ಬಗ್ಗೆ ಅಲ್ಲ, ಚಲನೆಯ ಬಗ್ಗೆ. ನಿಮ್ಮ ರೋಲರಿಗೆ ಬೇಕಿರುವುದು ಒಂದು ವೇಗವೇ, ಅಥವಾ ಇಂತಿಷ್ಟು ಸಮಯದೊಳಗೆ ಇಂಥದೇ ಜಾಗದಲ್ಲಿ ನಿಲ್ಲುವುದೇ? ಕೊಟೇಶನ್ ಕೇಳುವ ಮೊದಲು ಒಂದು ಹಾಳೆಯ ಮೇಲೆ ಸಮಯವನ್ನು ಅಡ್ಡಕ್ಕೂ ವೇಗವನ್ನು ಉದ್ದಕ್ಕೂ ಇಟ್ಟು ಒಂದು ಚೀಲದ ಚಲನೆಯನ್ನು ಬರೆಯಿರಿ. ನಿಮ್ಮ ರೋಲರಿನ ವ್ಯಾಸ 100 ಮಿ.ಮೀ. ಎಂದೂ ಒಂದು ಚೀಲಕ್ಕೆ 157 ಮಿ.ಮೀ. ಫಿಲ್ಮ್ ಬೇಕೆಂದೂ ಇಟ್ಟುಕೊಳ್ಳೋಣ. ಅಂದರೆ ಸರಿಯಾಗಿ ಅರ್ಧ ಸುತ್ತು. ಇದು 0.3 ಸೆಕೆಂಡಿನಲ್ಲಿ ಆಗಬೇಕು, ಅದರಲ್ಲಿ ಅರ್ಧ ಕಾಲ ವೇಗ ಏರಬೇಕು, ಉಳಿದರ್ಧ ಇಳಿಯಬೇಕು ಎಂದಾದರೆ ರೋಲರ್ 0.15 ಸೆಕೆಂಡಿನಲ್ಲಿ ನಿಮಿಷಕ್ಕೆ 200 ಸುತ್ತಿನ ವೇಗ ಮುಟ್ಟಬೇಕು. ತಿರುಗುವ ಭಾಗಗಳ ಒಟ್ಟು ಜಡತ್ವ 0.01 ಕಿ.ಗ್ರಾಂ. ಚದರ ಮೀಟರ್ ಇದ್ದರೆ, ಘರ್ಷಣೆಯನ್ನೂ ಫಿಲ್ಮಿನ ಎಳೆತವನ್ನೂ ಬಿಟ್ಟು, ಬರಿಯ ವೇಗೋತ್ಕರ್ಷಕ್ಕೇ ಸುಮಾರು 1.4 ನ್ಯೂಟನ್ ಮೀಟರ್ ಟಾರ್ಕ್ ಬೇಕಾಗುತ್ತದೆ. ಮತ್ತೆ 0.3 ಸೆಕೆಂಡ್ ನಿಂತು ಮುಂದಿನ ಚೀಲಕ್ಕೆ ಹೋಗುವುದಾದರೆ, ಬಿಸಿಯಾಗುವ ಲೆಕ್ಕದಲ್ಲಿ ಮೋಟಾರಿಗೆ ಇದು ಸತತವಾಗಿ ಒಂದು ನ್ಯೂಟನ್ ಮೀಟರ್ ಕೊಟ್ಟಷ್ಟೇ ಆಗುತ್ತದೆ. ಸರ್ವೋ ಮೋಟಾರುಗಳು ಅಲ್ಪಕಾಲಕ್ಕೆ ತಮ್ಮ ಸತತ ಟಾರ್ಕಿನ ಸುಮಾರು ಮೂರು ಪಟ್ಟು ಕೊಡಬಲ್ಲವು, ಆದ್ದರಿಂದ ಓಡಿ ನಿಲ್ಲುವ, ನಿಂತು ಓಡುವ ಇಂಥ ಕೆಲಸ ಅವಕ್ಕೆ ಸಹಜ.

ಇದೇ ಕೆಲಸವನ್ನು ವಿಎಫ್‌ಡಿಯಿಂದ ಮಾಡಿಸಲು ಹೊರಟರೆ ಏನಾಗುತ್ತದೆ ನೋಡಿ. ಫಿಲ್ಮಿನ ಮೇಲಿನ ಗುರುತನ್ನು ಸೆನ್ಸರ್ ಕಂಡು, ಯಂತ್ರವನ್ನು ನಡೆಸುವ ಪುಟ್ಟ ಕಂಪ್ಯೂಟರಾದ ಪಿಎಲ್‌ಸಿ ತನ್ನ ಸುತ್ತು ಮುಗಿಸಿ, ಡ್ರೈವ್ ‘ನಿಲ್ಲು’ ಎಂಬ ಸಂಕೇತವನ್ನು ಓದುವಷ್ಟರಲ್ಲಿ ಆಗುವ ವಿಳಂಬ ಪ್ರತಿ ಸಲವೂ ಒಂದೇ ಆಗಿದ್ದರೆ ತೊಂದರೆಯಿರಲಿಲ್ಲ, ಅಷ್ಟನ್ನು ಮೊದಲೇ ಕಳೆದುಬಿಡಬಹುದಿತ್ತು. ಆದರೆ ಅದು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಫಿಲ್ಮ್ ಸೆಕೆಂಡಿಗೆ 500 ಮಿ.ಮೀ. ಓಡುತ್ತಿರುವಾಗ ಆ ಏರುಪೇರು 10 ಮಿಲಿಸೆಕೆಂಡ್ ಇದ್ದರೆ ಚೀಲದ ಉದ್ದದಲ್ಲಿ 5 ಮಿ.ಮೀ. ವ್ಯತ್ಯಾಸ ಕಾಣುತ್ತದೆ. ನಿಲ್ಲುವ ಮೊದಲು ವೇಗವನ್ನು 50 ಮಿ.ಮೀ.ಗೆ ಇಳಿಸಿ, ತೆವಳುತ್ತ ಗುರುತಿನ ಬಳಿಗೆ ಬಂದರೆ ಅದೇ ಏರುಪೇರು ಅರ್ಧ ಮಿ.ಮೀ.ಗೆ ಇಳಿಯುತ್ತದೆ, ಅದಕ್ಕೆ ಬದಲಾಗಿ ಪ್ರತಿ ಚೀಲದಲ್ಲೂ ಒಂದಿಷ್ಟು ಸಮಯ ಹೋಗುತ್ತದೆ. ಆ ಸಮಯ ನಿಮ್ಮ ಕೈಯಲ್ಲಿದೆ, ನಿಮಿಷಕ್ಕೆ ಹತ್ತು ಹದಿನೈದು ಚೀಲ ಸಾಕು ಎಂದಾದರೆ ವಿಎಫ್‌ಡಿ ಸಾಕೆಂದವರ ಮಾತು ಸರಿ. ಮೇಲಿನ ಲೆಕ್ಕದಂತೆ ನಿಮಿಷಕ್ಕೆ ನೂರು ಚೀಲ ಬೇಕಾದರೆ ಸರ್ವೋ ಹಾಕಲೇಬೇಕೆಂದವರ ಮಾತು ಸರಿ. ಇಬ್ಬರೂ ಮನಸ್ಸಿನಲ್ಲಿ ಬೇರೆ ಬೇರೆ ಯಂತ್ರಗಳನ್ನು ಇಟ್ಟುಕೊಂಡು ವಾದಿಸುತ್ತಿದ್ದಾರೆಂದು ನನ್ನ ಅನಿಸಿಕೆ.

ಇಲ್ಲಿ ಇನ್ನೊಂದು ಮಾತು. 17 ಬಿಟ್‌ನ ಎನ್‌ಕೋಡರ್ ಒಂದು ಸುತ್ತನ್ನು 1,31,072 ಭಾಗಗಳಾಗಿ ಓದುತ್ತದೆ ಎಂಬುದನ್ನು ನೋಡಿ ಅಷ್ಟೇ ನಿಖರತೆ ಚೀಲಕ್ಕೂ ಬರುತ್ತದೆಂದು ತಿಳಿಯಬೇಡಿ. ರೋಲರಿನ ಮುಂಚಿನ ಗೇರ್‌ಬಾಕ್ಸಿನಲ್ಲಿ ಅರ್ಧ ಡಿಗ್ರಿ ಸಡಿಲವಿದ್ದರೆ 100 ಮಿ.ಮೀ. ರೋಲರಿನ ಅಂಚಿನಲ್ಲಿ ಅದು 0.4 ಮಿ.ಮೀ.ಗಿಂತ ಹೆಚ್ಚು. ಮೋಟಾರಿನ ಬೆನ್ನಿನಲ್ಲಿ ಕುಳಿತ ಎನ್‌ಕೋಡರಿಗೆ ಆ ಸಡಿಲ ಕಾಣುವುದೇ ಇಲ್ಲ.

ಪ್ರಶ್ನೆ: 15 ಕಿಲೋವಾಟ್‌ನ ನೀರಿನ ಪಂಪಿಗೆ ವಿದ್ಯುತ್ ಉಳಿತಾಯಕ್ಕಾಗಿ ಡ್ರೈವ್ ಹಾಕಬೇಕೆಂದಿದ್ದೇವೆ. ಸರ್ವೋ ಹೆಚ್ಚು ನಿಖರವಾದ್ದರಿಂದ ಉಳಿತಾಯವೂ ಹೆಚ್ಚೇ?

ಉತ್ತರ: ಇಲ್ಲ. ಪಂಪಿನ ಶಾಫ್ಟ್ ಯಾವ ಕೋನದಲ್ಲಿದೆ ಎಂಬುದು ನೀರಿಗೆ ಬೇಕಾಗಿಲ್ಲ. ಕೇಂದ್ರಾಪಗಾಮಿ ಪಂಪು ಮತ್ತು ಫ್ಯಾನುಗಳಲ್ಲಿ ಹರಿವು ವೇಗದೊಂದಿಗೆ ನೇರವಾಗಿ, ಬೇಕಾಗುವ ಶಕ್ತಿ ವೇಗದ ಘನದೊಂದಿಗೆ ಬದಲಾಗುತ್ತದೆ. ವೇಗವನ್ನು ನೂರರಿಂದ ಎಂಬತ್ತಕ್ಕೆ ಇಳಿಸಿದರೆ ಶಕ್ತಿ ನೂರರಿಂದ ಸುಮಾರು ಐವತ್ತೊಂದಕ್ಕೆ ಇಳಿಯುತ್ತದೆ; ಉಳಿತಾಯದ ಮೂಲ ಇದೇ, ಅದನ್ನು ವಿಎಫ್‌ಡಿ ಪೂರ್ತಿಯಾಗಿ ಒದಗಿಸುತ್ತದೆ. ನೀರನ್ನು ಎತ್ತರಕ್ಕೆ ಏರಿಸುವ ಪಂಪಾದರೆ ಮಾತ್ರ ಈ ಲೆಕ್ಕವನ್ನು ಹಾಗೆಯೇ ನಂಬಬೇಡಿ. ಎತ್ತರದ ಒತ್ತಡ ವೇಗದೊಂದಿಗೆ ಇಳಿಯುವುದಿಲ್ಲ, ಒಂದು ವೇಗಕ್ಕಿಂತ ಕೆಳಗೆ ಪಂಪು ತಿರುಗುತ್ತಿದ್ದರೂ ನೀರು ಮೇಲೇರುವುದಿಲ್ಲ.

ಪ್ರಶ್ನೆ: ನಮ್ಮ ಕನ್ವೇಯರನ್ನು ತೀರಾ ನಿಧಾನವಾಗಿ ಓಡಿಸಬೇಕಾಗಿದೆ. ವಿಎಫ್‌ಡಿಯನ್ನು 5 ಹರ್ಟ್ಸ್‌ಗೆ ಇಳಿಸಿದರೆ ಹೊರೆ ಬಿದ್ದಾಗ ಬೆಲ್ಟ್ ನಿಂತುಬಿಡುತ್ತದೆ, ಮೋಟಾರು ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಇದಕ್ಕೆ ಸರ್ವೋ ಒಂದೇ ದಾರಿಯೆಂದು ಹೇಳುತ್ತಿದ್ದಾರೆ.

ಉತ್ತರ: ಒಂದೇ ದಾರಿಯಂತೂ ಅಲ್ಲ, ಮೊದಲ ದಾರಿಯೂ ಅಲ್ಲ. ನಿಮ್ಮಲ್ಲಿ ಎರಡು ತೊಂದರೆಗಳು ಒಟ್ಟಿಗೆ ಬಂದಿವೆ. ಮೊದಲನೆಯದು ಟಾರ್ಕಿನದು. 400 ವೋಲ್ಟ್, 50 ಹರ್ಟ್ಸ್ ಮೋಟಾರಿಗೆ ಪ್ರತಿ ಹರ್ಟ್ಸ್‌ಗೆ 8 ವೋಲ್ಟಿನಂತೆ ಕೊಟ್ಟರೆ ಅದರ ಕಾಂತಕ್ಷೇತ್ರ ಒಂದೇ ಸಮನಾಗಿರುತ್ತದೆ. ಈ ಲೆಕ್ಕದಲ್ಲಿ 5 ಹರ್ಟ್ಸ್‌ಗೆ ಬರುವುದು 40 ವೋಲ್ಟ್. ವೈಂಡಿಂಗಿನ ರೋಧದಲ್ಲಿ ಕಳೆದುಹೋಗುವ ವೋಲ್ಟೇಜ್ 400ರ ಎದುರು ಗಣನೆಗೆ ಬಾರದಿದ್ದರೂ 40ರ ಎದುರು ದೊಡ್ಡ ಪಾಲು, ಆದ್ದರಿಂದ ಕಾಂತಕ್ಷೇತ್ರ ಸೊರಗುತ್ತದೆ, ಅದರೊಂದಿಗೆ ಟಾರ್ಕ್ ಕೂಡ. ಎರಡನೆಯದು ಬಿಸಿಯದು. ಮೋಟಾರಿನ ಹಿಂಬದಿಯ ಫ್ಯಾನ್ ಅದೇ ಶಾಫ್ಟಿನ ಮೇಲಿರುವುದರಿಂದ ಹತ್ತನೆಯ ಒಂದು ಪಾಲು ವೇಗದಲ್ಲಿ ಅದು ಗಾಳಿ ಬೀಸುವುದೇ ಇಲ್ಲ ಎನ್ನಬಹುದು, ಆದರೆ ಹೊರೆ ಎಳೆಯಲು ಬೇಕಾದ ಪ್ರವಾಹ ಮಾತ್ರ ಮೊದಲಿನಷ್ಟೇ ಇರುತ್ತದೆ.

ಕನ್ವೇಯರ್ ಯಾವಾಗಲೂ ನಿಧಾನವಾಗಿಯೇ ಓಡಬೇಕಾದರೆ ಗೇರ್ ಅನುಪಾತವನ್ನು ಬದಲಿಸಿ. ಈಗ ಇರುವುದಕ್ಕಿಂತ ಎಂಟು ಪಟ್ಟು ಹೆಚ್ಚಿನ ಅನುಪಾತದ, ಹೊರೆಯ ಟಾರ್ಕನ್ನು ತಾಳುವ ಗೇರ್‌ಬಾಕ್ಸ್ ಹಾಕಿದರೆ ಅದೇ ಬೆಲ್ಟ್ ವೇಗಕ್ಕೆ ಮೋಟಾರು 40 ಹರ್ಟ್ಸ್‌ನಲ್ಲಿ ನೆಮ್ಮದಿಯಾಗಿ ಓಡುತ್ತದೆ, ಮೋಟಾರಿನ ಮೇಲಿನ ಹೊರೆ ಹೆಚ್ಚುಕಡಿಮೆ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಒಮ್ಮೆ ನಿಧಾನ, ಒಮ್ಮೆ ವೇಗ ಎರಡೂ ಬೇಕಾದರೆ ಮೋಟಾರಿಗೆ ಪ್ರತ್ಯೇಕ ವಿದ್ಯುತ್ತಿನಿಂದ ಓಡುವ ಫ್ಯಾನ್ ಕಟ್ಟಿಸಿ, ಡ್ರೈವನ್ನು ವೆಕ್ಟರ್ ನಿಯಂತ್ರಣಕ್ಕೆ ಬದಲಿಸಿ. 1970ರ ದಶಕದ ಆರಂಭದಲ್ಲಿ ಜರ್ಮನಿಯ ಎಂಜಿನಿಯರ್ ಫೆಲಿಕ್ಸ್ ಬ್ಲಾಶ್ಕೆ ಮುಂದಿಟ್ಟ ಈ ವಿಧಾನದಲ್ಲಿ ಮೋಟಾರಿನ ಪ್ರವಾಹವನ್ನು ಕಾಂತಕ್ಷೇತ್ರ ಹುಟ್ಟಿಸುವ ಭಾಗ, ಟಾರ್ಕ್ ಹುಟ್ಟಿಸುವ ಭಾಗ ಎಂದು ಲೆಕ್ಕದಲ್ಲಿ ಬೇರ್ಪಡಿಸಿ ಎರಡನ್ನೂ ಬೇರೆ ಬೇರೆಯಾಗಿ ಹಿಡಿಯಲಾಗುತ್ತದೆ. ಇಂದಿನ ಬಹುಪಾಲು ವಿಎಫ್‌ಡಿಗಳಲ್ಲಿ ಇದು ಇದೆ, ಆದರೆ ಕಾರ್ಖಾನೆಯಿಂದ ಬಂದಾಗ ಹಲವು ಡ್ರೈವುಗಳು ಸರಳವಾದ ವೋಲ್ಟ್-ಹರ್ಟ್ಸ್ ಅನುಪಾತದಲ್ಲೇ ಇರುತ್ತವೆ. ನಾಮಫಲಕದ ಅಂಕಿಗಳನ್ನು ತುಂಬಿ, ಡ್ರೈವ್ ತಾನೇ ಮೋಟಾರನ್ನು ಅಳೆದುಕೊಳ್ಳುವ ಆಟೋಟ್ಯೂನ್ ನಡೆಸಿದ ಮೇಲೆ ಅದೇ ಕನ್ವೇಯರ್ ನಡೆಯುವ ರೀತಿಯನ್ನು ಒಮ್ಮೆ ನೋಡಿ, ಆಮೇಲೆ ಸರ್ವೋ ಬಗ್ಗೆ ಯೋಚಿಸಿ.

ಪ್ರಶ್ನೆ: ಹಳೆಯ 2.2 ಕಿಲೋವಾಟ್ ಇಂಡಕ್ಷನ್ ಮೋಟಾರನ್ನು ತೆಗೆದು ಅಷ್ಟೇ ಕಿಲೋವಾಟಿನ ಸರ್ವೋ ಕೂರಿಸಿದೆವು. ಈಗ ಹೊರೆ ಎಳೆಯಲು ಒದ್ದಾಡುತ್ತದೆ, ನಿಂತಾಗ ಗುಂಯ್‌ಗುಡುತ್ತದೆ. ಸರ್ವೋ ಮೋಟಾರೇ ದುರ್ಬಲವೇ?

ಉತ್ತರ: ದುರ್ಬಲವಲ್ಲ, ಹೋಲಿಕೆ ತಪ್ಪಾಗಿದೆ. ಕಿಲೋವಾಟನ್ನು 9550ರಿಂದ ಗುಣಿಸಿ ನಿಮಿಷದ ಸುತ್ತುಗಳಿಂದ ಭಾಗಿಸಿದರೆ ಟಾರ್ಕ್ ನ್ಯೂಟನ್ ಮೀಟರಿನಲ್ಲಿ ಸಿಗುತ್ತದೆ. ನಿಮ್ಮ ಹಳೆಯ ಮೋಟಾರು 1440 ಸುತ್ತಿನದಾಗಿದ್ದರೆ ಅದರ ಟಾರ್ಕ್ 14.6. ಹೊಸ ಸರ್ವೋ 3000 ಸುತ್ತಿನದಾಗಿದ್ದರೆ ಅದರ ಟಾರ್ಕ್ 7 ಮಾತ್ರ. ಗೇರ್ ಅನುಪಾತ ಬದಲಿಸದೆ ಮೋಟಾರನ್ನಷ್ಟೇ ಬದಲಿಸಿದರೆ ಯಂತ್ರದ ಪಾಲಿಗೆ ಅರ್ಧ ಬಲ ಹೋಯಿತು.

ಗುಂಯ್‌ಗುಡುವುದಕ್ಕೆ ಕಾರಣವೂ ಬಹುಶಃ ಅಲ್ಲೇ ಇದೆ. ಸರ್ವೋ ಮೋಟಾರು ಚುರುಕಾಗಿರಲೆಂದು ಅದರ ರೋಟರನ್ನು ಸಣಕಲಾಗಿ, ಕಡಿಮೆ ಜಡತ್ವದ್ದಾಗಿ ಮಾಡಿರುತ್ತಾರೆ. ಅದಕ್ಕೆ ಭಾರಿ ಜಡತ್ವದ ಹೊರೆಯನ್ನು ನೇರವಾಗಿ ಕಟ್ಟಿದರೆ ಮೋಟಾರು ಹೊರೆಯನ್ನು ಆಡಿಸುವ ಬದಲು ಹೊರೆಯೇ ಮೋಟಾರನ್ನು ಆಡಿಸುತ್ತದೆ. ಹೊರೆಯ ಜಡತ್ವ ರೋಟರಿನ ಜಡತ್ವದ ಹತ್ತು ಪಟ್ಟಿನೊಳಗೆ ಇರಲಿ ಎಂಬುದು ರೂಢಿಯ ಮಿತಿ, ಚುರುಕಿನ ಕೆಲಸಕ್ಕೆ ಇನ್ನೂ ಕಡಿಮೆ. ಗೇರ್‌ಬಾಕ್ಸ್ ಇಲ್ಲಿ ದೊಡ್ಡ ಉಪಕಾರ ಮಾಡುತ್ತದೆ, ಏಕೆಂದರೆ ಮೋಟಾರಿಗೆ ಕಾಣುವ ಹೊರೆಯ ಜಡತ್ವ ಅನುಪಾತದ ವರ್ಗದಷ್ಟು ಕಡಿಮೆಯಾಗುತ್ತದೆ. 5:1 ಅನುಪಾತ ಹಾಕಿದರೆ ಹೊರೆ ಇಪ್ಪತ್ತೈದನೆಯ ಒಂದು ಪಾಲಾಗಿ ಕಾಣುತ್ತದೆ, ಟಾರ್ಕ್ ಐದು ಪಟ್ಟಾಗುತ್ತದೆ.

ಗೇನನ್ನು, ಅಂದರೆ ತಪ್ಪನ್ನು ಡ್ರೈವ್ ಎಷ್ಟು ಜೋರಾಗಿ ತಿದ್ದಬೇಕೆಂಬ ಅಂಕಿಯನ್ನು, ಏರಿಸಿ ಇಳಿಸಿ ನೋಡುವ ಮೊದಲು ಯಂತ್ರದ ಜೋಡಣೆಯನ್ನು ಕೈಯಿಂದ ಮುಟ್ಟಿ ನೋಡಿ. ಒಂದು ಕಡೆ ಮೂರು ದಿನ ಟ್ಯೂನಿಂಗಿನಲ್ಲಿ ಕಳೆದ ಮೇಲೆ, ವಿದ್ಯುತ್ ತೆಗೆದು ಕಪ್ಲಿಂಗನ್ನು ಹಿಡಿದು ಅತ್ತಿತ್ತ ತಿರುಗಿಸಿದಾಗ ಬೆರಳಿಗೆ ಸಣ್ಣ ಟಿಕ್ ಎಂಬ ಸಡಿಲ ಸಿಕ್ಕಿದ್ದು ನನಗೆ ಈಗಲೂ ನೆನಪಿದೆ. ಬಿಗಿ ಸ್ಕ್ರೂ ಒಂದು ಕಾಲು ಸುತ್ತಿನಷ್ಟು ಬಿಚ್ಚಿಕೊಂಡಿತ್ತು. ಅದನ್ನು ಬಿಗಿದ ಮೇಲೆ ಮೊದಲ ದಿನದ ಗೇನ್ ಅಂಕಿಗಳಲ್ಲೇ ಯಂತ್ರ ಸದ್ದಿಲ್ಲದೆ ನಿಂತಿತು. ಜೋಡಣೆ ಬಿಗಿಯಾಗಿದ್ದೂ ಒಂದೇ ಸ್ವರದ ಗುಂಯ್‌ಕಾರ ಉಳಿದರೆ ಅದು ಯಂತ್ರದ ಸಹಜ ಕಂಪನ. ಆಗ ಒಂದು ಆವರ್ತನವನ್ನಷ್ಟೇ ತಡೆಯುವ, ಡ್ರೈವಿನ ನಾಚ್ ಫಿಲ್ಟರನ್ನು ಆ ಕಂಪನದ ಆವರ್ತನಕ್ಕೆ ಹೊಂದಿಸಬೇಕು.

ಪ್ರಶ್ನೆ: ಭಾರವನ್ನು ನೇರವಾಗಿ ಮೇಲೆತ್ತಿ ಇಳಿಸುವ ಸಣ್ಣ ಲಿಫ್ಟ್ ಮಾಡುತ್ತಿದ್ದೇವೆ. ಎನ್‌ಕೋಡರ್ ಕಾರ್ಡ್ ಹಾಕಿದ ವಿಎಫ್‌ಡಿ ಸರ್ವೋನಂತೆಯೇ ಕೆಲಸ ಮಾಡುತ್ತದೆಯೇ?

ಉತ್ತರ: ಈ ಕೆಲಸಕ್ಕೆ ಮಾಡುತ್ತದೆ. ಎನ್‌ಕೋಡರ್ ಇರುವ ವೆಕ್ಟರ್ ವಿಎಫ್‌ಡಿ ಶೂನ್ಯ ವೇಗದಲ್ಲೂ ಪೂರ್ಣ ಟಾರ್ಕ್ ಹಿಡಿಯಬಲ್ಲದು. ಕ್ರೇನು, ಲಿಫ್ಟುಗಳಲ್ಲಿ ಅದು ಬಹಳ ಹಿಂದಿನಿಂದ ನಡೆದುಬಂದ ಪದ್ಧತಿ. ಕೆಲವು ವಿಎಫ್‌ಡಿಗಳು ಶಾಶ್ವತ ಕಾಂತದ ಮೋಟಾರನ್ನೂ ಓಡಿಸುತ್ತವೆ, ಹೀಗಾಗಿ ಎರಡರ ನಡುವಿನ ಗೆರೆ ಮೊದಲಿನಷ್ಟು ಸ್ಪಷ್ಟವಾಗಿ ಉಳಿದಿಲ್ಲ. ಆದರೂ ಇಂಡಕ್ಷನ್ ಮೋಟಾರಿನ ರೋಟರ್ ಭಾರ ಹೆಚ್ಚು, ಮತ್ತು ಭಾರಿ ಕೆಲಸದ ವಿಎಫ್‌ಡಿಯ ಮೇಲ್ಮಿತಿ ಸಾಮಾನ್ಯವಾಗಿ ಒಂದು ನಿಮಿಷಕ್ಕೆ 150 ಶೇಕಡಾ. ಹಲವು ಅಕ್ಷಗಳು ಒಂದಕ್ಕೊಂದು ಹೆಜ್ಜೆ ಹಾಕಿ ಕ್ಷಣಕ್ಷಣವೂ ಕೂಡಿ ಚಲಿಸಬೇಕಾದ ಯಂತ್ರದಲ್ಲಿ ಈ ವ್ಯತ್ಯಾಸ ಕಾಣುತ್ತದೆ, ನಿಮ್ಮ ಲಿಫ್ಟಿನಲ್ಲಿ ಕಾಣುವುದಿಲ್ಲ.

ನಿಮ್ಮಲ್ಲಿ ಡ್ರೈವಿನ ಆಯ್ಕೆಗಿಂತ ಮುಖ್ಯವಾದುದು ಭಾರ ಕೆಳಗೆ ಬರುವ ಬಗೆ. ಇಳಿಯುವಾಗ ಮೋಟಾರು ಜನರೇಟರಾಗುತ್ತದೆ, ಆ ಶಕ್ತಿ ಡ್ರೈವಿನ ಕೆಪಾಸಿಟರುಗಳಿಗೆ ಬಂದು ಡಿಸಿ ವೋಲ್ಟೇಜನ್ನು ಏರಿಸುತ್ತದೆ. ಅದನ್ನು ಸುಡಲು ಬ್ರೇಕಿಂಗ್ ರೆಸಿಸ್ಟರ್ ಇಲ್ಲದಿದ್ದರೆ, ಸರ್ವೋ ಇರಲಿ ವಿಎಫ್‌ಡಿ ಇರಲಿ, ಭಾರ ಗಾಳಿಯಲ್ಲಿರುವಾಗಲೇ ಅತಿ ವೋಲ್ಟೇಜಿನಿಂದ ಟ್ರಿಪ್ ಆಗುತ್ತದೆ. ಆದ್ದರಿಂದ ವಿದ್ಯುತ್ ಹೋದೊಡನೆ ತಾನಾಗಿ ಹಿಡಿಯುವ, ಸ್ಪ್ರಿಂಗಿನ ಬಲದ ಬ್ರೇಕ್ ಇರಲೇಬೇಕು. ಇನ್ನೂ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ: ಸೇಫ್ ಟಾರ್ಕ್ ಆಫ್ ಎಂಬ ಸುರಕ್ಷತಾ ಸೌಲಭ್ಯ ಮೋಟಾರಿನ ಟಾರ್ಕನ್ನು ತೆಗೆದುಹಾಕುತ್ತದೆ, ಭಾರವನ್ನು ಹಿಡಿದುಕೊಳ್ಳುವುದಿಲ್ಲ. ನೇರವಾಗಿ ನಿಂತ ಅಕ್ಷದಲ್ಲಿ ಬ್ರೇಕ್ ಹಿಡಿಯುವ ಮೊದಲೇ ಟಾರ್ಕ್ ಹೋದರೆ ಭಾರ ಬೀಳುತ್ತದೆ. ಬ್ರೇಕ್ ಪೂರ್ತಿ ಹಿಡಿಯಲು ಎಷ್ಟು ಮಿಲಿಸೆಕೆಂಡ್ ಬೇಕೆಂದು ಅದರ ದಾಖಲೆಯಲ್ಲಿ ನೋಡಿ, ಅಷ್ಟು ಕಾಲ ಟಾರ್ಕ್ ಉಳಿಯುವಂತೆ ಕ್ರಮವನ್ನು ಹೊಂದಿಸಿ. ಸರ್ವೋ ಮೋಟಾರಿನೊಳಗಿನ ಬ್ರೇಕ್ ನಿಂತ ಭಾರವನ್ನು ಹಿಡಿದಿಡಲು ಮಾತ್ರ. ಓಡುವ ಭಾರವನ್ನು ದಿನವೂ ಅದರಿಂದಲೇ ನಿಲ್ಲಿಸಿದರೆ ಸವೆದುಹೋಗುತ್ತದೆ. ಜನ ಕೆಳಗೆ ನಿಲ್ಲುವ ಸಾಧ್ಯತೆ ಇದ್ದರೆ ಆ ಒಂದು ಬ್ರೇಕನ್ನೇ ನಂಬಿ ಕೂರಬೇಡಿ.

ಪ್ರಶ್ನೆ: ಪ್ಯಾನೆಲ್ಲಿನಿಂದ 80 ಮೀಟರ್ ದೂರದ ಮೋಟಾರಿಗೆ ವಿಎಫ್‌ಡಿ ಹಾಕಿದ ಮೇಲೆ ಬೇರಿಂಗುಗಳು ಬೇಗ ಬೇಗ ಹೋಗುತ್ತಿವೆ. ಸರ್ವೋ ಹಾಕಿದರೆ ಈ ಕಾಟ ತಪ್ಪುತ್ತದೆಯೇ?

ಉತ್ತರ: ತಪ್ಪುವುದಿಲ್ಲ, ಸರ್ವೋ ಕೂಡ ಅದೇ ರೀತಿ ವೋಲ್ಟೇಜನ್ನು ಕತ್ತರಿಸಿ ಕಳುಹಿಸುತ್ತದೆ. ಅಷ್ಟು ದೂರಕ್ಕೆ ಎನ್‌ಕೋಡರಿನ ಕೇಬಲನ್ನೂ ಎಳೆಯಬೇಕಾಗಿ ಬಂದು ಹೊಸ ತೊಂದರೆಯೇ ಸೇರಬಹುದು. ಉದ್ದದ ಕೇಬಲಿನ ತುದಿಯಲ್ಲಿ ವೋಲ್ಟೇಜಿನ ಅಲೆ ಪ್ರತಿಫಲಿಸಿ, ಮೋಟಾರಿನ ಟರ್ಮಿನಲ್ಲಿನಲ್ಲಿ ಡಿಸಿ ವೋಲ್ಟೇಜಿನ ಎರಡು ಪಟ್ಟಿನವರೆಗೂ ಏರಬಹುದು. ವೈಂಡಿಂಗಿನ ಇನ್ಸುಲೇಷನ್ನಿಗೆ ಅದು ಪೆಟ್ಟು. ಡ್ರೈವಿನ ಹೊರಬದಿಯಲ್ಲಿ ಚೋಕ್ ಅಥವಾ ಫಿಲ್ಟರ್ ಹಾಕುವುದು ಅದಕ್ಕೆ ಪರಿಹಾರ. ಪವರ್ ಫ್ಯಾಕ್ಟರಿಗೆಂದು ಆ ಬದಿಯಲ್ಲಿ ಕೆಪಾಸಿಟರ್ ಮಾತ್ರ ಎಂದಿಗೂ ಕಟ್ಟಬೇಡಿ, ಡ್ರೈವ್ ಹಾಳಾಗುತ್ತದೆ.

ಬೇರಿಂಗಿನ ಕತೆ ಬೇರೆ. ಸ್ವಿಚ್ಚಿಂಗಿನಿಂದ ಶಾಫ್ಟಿನಲ್ಲಿ ಸೇರುವ ವೋಲ್ಟೇಜ್ ಬೇರಿಂಗಿನ ಗ್ರೀಸ್ ಪದರವನ್ನು ಸೀಳಿ ಸಣ್ಣ ಕಿಡಿಗಳಾಗಿ ನೆಲ ಸೇರುತ್ತದೆ. ಹೊಸ ಬೇರಿಂಗ್ ಹಾಕುವ ಮೊದಲು ಹಳೆಯದನ್ನು ಕತ್ತರಿಸಿ, ಗುಂಡುಗಳು ಓಡುವ ಹಾದಿಯನ್ನು ಬೆಳಕಿಗೆ ಹಿಡಿದು ನೋಡಿ. ಬಟ್ಟೆ ಒಗೆಯುವ ಹಲಗೆಯ ಗೆರೆಗಳಂತೆ ಒಂದೇ ಅಂತರದಲ್ಲಿ ಅಡ್ಡಗೆರೆಗಳು ಕಂಡರೆ ಕಾರಣ ವಿದ್ಯುತ್ತೇ ಎಂದು ತಿಳಿಯಬಹುದು. ಆಗ ಶಾಫ್ಟಿಗೆ ಅರ್ಥಿಂಗ್ ರಿಂಗ್ ತೊಡಿಸಿ, ಹೊರೆಯಿಲ್ಲದ ಬದಿಗೆ ಇನ್ಸುಲೇಟೆಡ್ ಬೇರಿಂಗ್ ಹಾಕಿ, ಕೇಬಲಿನ ಶೀಲ್ಡನ್ನು ಎರಡೂ ತುದಿಯಲ್ಲಿ ಸುತ್ತಲೂ ಅಪ್ಪುವ ಕ್ಲಾಂಪಿನಿಂದ ಅರ್ಥ್‌ಗೆ ಸೇರಿಸಿ. ಅಂಥ ಗೆರೆಗಳು ಕಾಣದೆ ಒಂದೇ ಪಕ್ಕ ಸವೆದಿದ್ದರೆ ಡ್ರೈವನ್ನು ಬಿಟ್ಟು ಕಪ್ಲಿಂಗಿನ ಅಲೈನ್‌ಮೆಂಟನ್ನೂ ಬೆಲ್ಟಿನ ಬಿಗುವನ್ನೂ ನೋಡಿ.